ಓಡದ ಓಡಿಸಿ

ಹೆದ್ದಾರಿಯ ಮೇಲೆ ಬನ್ನಿಕೊಪ್ಪದ ಹತ್ತಿರ ನಮ್ಮ ಬಸ್ಸು ನಿಂತಾಗ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಗದಗಿನಿಂದ ಹೊರಟಿದ್ದ ನನ್ನ ಚೀಲದಲ್ಲಿ ಎರಡು ಕಿಲೋ ಬದನೆಕಾಯಿ, ಕಣ್ಣಿನ ಹನಿಯೌಷಧ ಮತ್ತು ಹೆಂಡತಿ ತರಲು ಹೇಳಿದ್ದು ಬಿಟ್ಟು ಬೇರೆಲ್ಲ ಸಾಮಾನು ಇದ್ದವು. ಬನ್ನಿಕೊಪ್ಪದಲ್ಲಿ ಇಳಿದು ಒಳಕ್ಕೆ ತಿರುಗಿದರೆ ನಮ್ಮೂರು ಇಟಗಿ. ಕಂಡಕ್ಟರ್ ಕೆಳಗಿಳಿದು ಹತ್ತು ಹೆಜ್ಜೆ ಮುಂದೆ ಹೋಗಿ, ನೋಡಿ, ವಾಪಸ್ಸು ಬಂದು ಬಾಗಿಲಲ್ಲೇ ನಿಂತು ಸಾರಿದ: "ಫ್ಯಾನ್ ಬಂದೈತ್ರಿ. ಇನ್ನ ಅರ್ಧಾ ತಾಸು ಯಾರೂ ಗಡಿಬಿಡಿ ಮಾಡಬ್ಯಾಡ್ರಿ."

ಗಡಿಬಿಡಿ ಮಾಡಬೇಡಿ ಎಂದರೆ ನಮ್ಮ ಜನ ಎದ್ದೇ ಏಳುತ್ತಾರೆ. ಬಸ್ಸಿನಲ್ಲಿ ಉಳಿದವರು ಒಬ್ಬ ಬಾಣಂತಿ, ಒಂದು ಕೂಸು ಮತ್ತು ನಿದ್ದೆ ಹೋಗಿದ್ದ ಒಬ್ಬ ಪೊಲೀಸಪ್ಪ.

ಫ್ಯಾನ್ ಎಂದರೆ ಗಾಳಿಯಂತ್ರದ ರೆಕ್ಕೆ. ಗದಗ, ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯ ಎರೆ ಹೊಲಗಳಲ್ಲಿ ಈಗ ಜೋಳದ ದಂಟಿಗಿಂತ ಹೆಚ್ಚು ಎದ್ದು ಕಾಣುವುದು ಇವೇ. ಸರಕಾರದ ಕಾಗದದಲ್ಲಿ ಪವನ ವಿದ್ಯುತ್ ಘಟಕ, ಪುಸ್ತಕದಲ್ಲಿ ಗಾಳಿಯಂತ್ರ, ಊರಿನ ಬಾಯಲ್ಲಿ ಫ್ಯಾನು. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ಕರೆಂಟು ಕೊಡುತ್ತದೆ. ಈ ವ್ಯತ್ಯಾಸವನ್ನು ನಾನು ನಮ್ಮ ಓಣಿಯಲ್ಲಿ ಮೂರು ಸಲ ವಿವರಿಸಿದ್ದೇನೆ. ಮೂರೂ ಸಲ ಬಂದ ಪ್ರಶ್ನೆ ಒಂದೇ: "ಹಂಗಾರ ನಮ್ಮೂರಾಗ ಕರೆಂಟ್ ಯಾಕ ಹೋಗತೈತಿ?" ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲದ್ದರಿಂದ ವಿವರಿಸುವುದನ್ನೇ ಬಿಟ್ಟಿದ್ದೇನೆ.

ಇಳಿದು ನೋಡಿದರೆ, ಹೆದ್ದಾರಿಯಿಂದ ಒಳದಾರಿಗೆ ತಿರುಗುವ ಕ್ರಾಸಿನಲ್ಲಿ ಬಿಳೀ ರೆಕ್ಕೆಯೊಂದು ಅಡ್ಡ ಮಲಗಿದೆ. ಅರವತ್ತು ಮೀಟರಿಗೆ ಕಡಿಮೆ ಇರಲಿಕ್ಕಿಲ್ಲ. ಬುಡ ಒಂದು ಊರಿನಲ್ಲಿ, ತುದಿ ಇನ್ನೊಂದು ಊರಿನಲ್ಲಿ ಎಂದು ಯಾರೋ ಹೇಳಿದರು, ಅದು ಉತ್ಪ್ರೇಕ್ಷೆ. ಎರಡೂ ಒಂದೇ ಊರಿನಲ್ಲಿದ್ದವು, ಆದರೆ ಬುಡ ಚಹಾದಂಗಡಿಯ ಮುಂದೆ, ತುದಿ ಪಂಕ್ಚರ್ ಅಂಗಡಿಯ ಹಿಂದೆ. ನಡುವೆ ಒಂದು ಬೇವಿನ ಮರ, ಒಂದು ಕರೆಂಟಿನ ಕಂಬ, ಚಹಾದಂಗಡಿಯವನು ಬಿಸಿಲಿಗೆಂದು ರಸ್ತೆಗೆ ಚಾಚಿಕೊಂಡಿದ್ದ ತಗಡಿನ ಚಪ್ಪರ. ಟ್ರೇಲರಿನ ಮುಂಭಾಗಕ್ಕೆ ಒಬ್ಬ ಡ್ರೈವರ್ ಇದ್ದರೆ, ಹಿಂಭಾಗದ ಗಾಲಿಗಳನ್ನು ತಿರುಗಿಸಲು ಅಲ್ಲೇ ಹಿಂದೆ ಇನ್ನೊಬ್ಬ. ಮುಂದಿನವನಿಗೆ ಹಿಂದಿನವನು ಕಾಣುವುದಿಲ್ಲ, ಹಿಂದಿನವನಿಗೆ ಮುಂದಿನವನು ಕೇಳುವುದಿಲ್ಲ. ಇಬ್ಬರ ನಡುವೆ ವಾಕಿಟಾಕಿ ಹಿಡಿದ ಹುಡುಗನೊಬ್ಬ ಹಿಂದಿಯಲ್ಲಿ ಕೂಗುತ್ತಿದ್ದ. ನಮ್ಮೂರ ಕಡೆಯ ಎಷ್ಟೋ ಗಂಡ-ಹೆಂಡಿರ ಸಂಸಾರ ಇದೇ ಪದ್ಧತಿಯಲ್ಲಿ ನಲವತ್ತು ವರ್ಷ ನಡೆದದ್ದನ್ನು ಬಲ್ಲೆನಾದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ.

ಒಬ್ಬಾತ ಬಿದಿರಿನ ಗಳ ಹಿಡಿದು ಮೇಲಿನ ತಂತಿ ಎತ್ತುತ್ತಿದ್ದ. ಗಳದ ತುದಿಗೆ ಅಡ್ಡಪಟ್ಟಿ ಬಡಿದು ಇಂಗ್ಲಿಷಿನ ಟಿ ಅಕ್ಷರದ ಹಾಗೆ ಮಾಡಿಕೊಂಡಿದ್ದ. ತಂತಿಯನ್ನು ಅವನು ಎತ್ತುತ್ತಿದ್ದ ಬಗೆ ನೋಡಬೇಕು: ಸೊಸೆಯೊಬ್ಬಳು ಒಣಹಾಕಿದ ರೇಷ್ಮೆ ಸೀರೆಯನ್ನು ಕೋಲಿನಿಂದ ಸರಿಸುವ ಹಾಗೆ, ಹಗುರವಾಗಿ, ಇನ್ನೊಂದು ಕೈಯಲ್ಲಿ ಬೀಡಿ.

ಆಗ ಫೋನು ತೆಗೆದು ಅಳಿಯನಿಗೆ ಮಾಡಿದೆ. ಅಳಿಯ ಎಂದರೆ ಅಕ್ಕನ ಮಗ. ಹನ್ನೆರಡನೆಯ ಇಯತ್ತೆ ನಪಾಸಾಗಿ, ಲಾರಿ ಕ್ಲೀನರನಾಗಿ ಹೋಗಿ, ಈಗ ಇಂಥ ದೊಡ್ಡ ಗಾಡಿಗಳ ಹಿಂದೆ ದೇಶ ಸುತ್ತುತ್ತಿದ್ದಾನೆ. ನಾನು ಹನ್ನೆರಡನೆಯದನ್ನು ಪಾಸಾಗಿ ಹುಬ್ಬಳ್ಳಿ ದಾಟಿಲ್ಲ. "ಮಾಮಾ, ಅದು ಓಡಿಸಿ. ನಡುವ ಹೋಗಬ್ಯಾಡ್ರಿ," ಅಂದ.

"ಓಡಿಸಲಿಕ್ಕೆ ನನಗೆಲ್ಲಿ ಬರತೈತೊ?"

"ಓಡಿಸೋದಲ್ರಿ, ಓ-ಡಿ-ಸಿ. ಓವರ್ ಡೈಮೆನ್ಷನಲ್ ಕಾರ್ಗೊ. ಅಳತಿ ಮೀರಿದ ಸಾಮಾನು."

ಹೆಸರಿಟ್ಟವನಿಗೆ ಕನ್ನಡ ಗೊತ್ತಿರಲಿಲ್ಲ ಎಂಬುದು ಖಚಿತ. ಓಡಿಸಿ ಎಂದು ಹೆಸರು, ಓಡುವುದು ಗಂಟೆಗೆ ಹತ್ತು ಕಿಲೋಮೀಟರು. ನಮ್ಮ ದೇಶದ ಕಾನೂನಿನ ಪ್ರಕಾರ ರಸ್ತೆಯ ಮೇಲಿನ ವಾಹನ 2.6 ಮೀಟರಿಗಿಂತ ಅಗಲ ಇರಬಾರದು. ಅದನ್ನು ಮೀರಿದರೆ ಓಡಿಸಿ. ಆಗ ಅನುಮತಿ ಬೇಕು, ದಾರಿಯ ಸೇತುವೆಗಳು ತಡೆಯುತ್ತವೆಯೇ ಎಂದು ಎಂಜಿನಿಯರರ ಕಾಗದ ಬೇಕು, ಮುಂದೊಂದು ಹಿಂದೊಂದು ಕೆಂಪು ಬಾವುಟದ ಜೀಪು ಬೇಕು. ಈ ಅಳತೆ ಕೇಳಿದ ಮೇಲೆ ಒಂದು ಸಂಗತಿ ಹೊಳೆಯಿತು: ಸುಗ್ಗಿಯಲ್ಲಿ ನಮ್ಮ ಟ್ರ್ಯಾಕ್ಟರಿನ ಮೇಲೆ ಹೇರುವ ಕಣಿಕೆಯ ಹೊರೆ ಯಾವತ್ತೂ ಓಡಿಸಿಯೇ. ಅದಕ್ಕೆ ಜೀಪಿಲ್ಲ, ಮೇಲೆ ಕುಳಿತ ಹುಡುಗನ ಕೆಂಪು ಟವೆಲ್ಲೇ ಬಾವುಟ.

ಅಳಿಯ ಈ ರೆಕ್ಕೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. "ಇದು ಉದ್ದ ಅಷ್ಟ ಮಾಮಾ, ವಜ್ಜಿ ಇಲ್ಲ. ನಾವು ಹೊತ್ತದ್ದು ನೋಡಬೇಕಿತ್ತು," ಎನ್ನುತ್ತಾನೆ. ಅವನು ಹೊತ್ತದ್ದು ಎಣ್ಣೆಯ ಸಾಮಾನು. ರಾಜಸ್ಥಾನದ ಬಾಡಮೇರ್ ಸೀಮೆಯ ಪಚ್‌ಪದ್ರಾ ಎಂಬಲ್ಲಿ, ಹಿಂದೆ ಉಪ್ಪಿನ ಗುಂಡಿಗಳಿಗೆ ಹೆಸರಾದ ನೆಲದಲ್ಲಿ, ಎಣ್ಣೆ ಶುದ್ಧೀಕರಣ ಕಾರ್ಖಾನೆಯೊಂದರ ಕೆಲಸ 2018ರ ಜನವರಿಯಲ್ಲಿ ಶುರುವಾಯಿತು. ವರ್ಷಕ್ಕೆ 90 ಲಕ್ಷ ಟನ್ ಎಣ್ಣೆ ಕಾಯಿಸುವ ಕಾರ್ಖಾನೆ. ಸುತ್ತ ಮರಳು, ಸಮುದ್ರ ಬಹಳ ದೂರ. ಕಾರ್ಖಾನೆಗೆ ಬೇಕಾದ ದೈತ್ಯ ಪಾತ್ರೆಗಳು ಕಚ್ಛದ ಮುಂದ್ರಾ ಬಂದರಿಗೆ ಬಂದಿಳಿದವು; ಅಲ್ಲಿಂದ ಮಾರವಾಡದ ತನಕ ರಸ್ತೆಯೇ ಗತಿ. ನೂರಾರು ಗಾಲಿಗಳ ಟ್ರೇಲರು, ಮುಂದೆ ಎಳೆಯಲು ಎರಡು ಮೂರು ಪುಲ್ಲರು, ಏರು ಬಂದರೆ ಹಿಂದಿನಿಂದ ದೂಡಲು ಇನ್ನೊಂದು. ಸೇತುವೆ ತಡೆಯದ ಕಡೆ, ಪಕ್ಕದಲ್ಲಿ ಕಾಲುವೆಗೆ ಮಣ್ಣು ತುಂಬಿ, ಕೊಳವೆ ಇಟ್ಟು, ಹಂಗಾಮಿ ದಾರಿ ಮಾಡಿ ದಾಟಿಸಬೇಕು. ತಿಂಗಳುಗಟ್ಟಲೆ ನಡೆಯುವ ಮೆರವಣಿಗೆ ಇದು.

"ಎಷ್ಟ ಡೀಸೆಲ್ ಕುಡೀತಿತ್ತೋ?" ಎಂದೆ.

"ಒಂದ ಲೀಟರಿಗೆ ಕಿಲೋಮೀಟರ್ ಅನ್ನೋ ಲೆಕ್ಕ ಬಿಡ್ರಿ. ಒಂದ ಕಿಲೋಮೀಟರಿಗೆ ಎಷ್ಟ ಲೀಟರ್ ಅಂತ ಕೇಳ್ರಿ."

ಡೀಸೆಲ್ ಕಾಯಿಸುವ ಪಾತ್ರೆಯನ್ನು ತಲುಪಿಸಲು ಡೀಸೆಲ್ ಸುಡುವುದು! ಬೀಜಕ್ಕೆ ಕಾಳು, ಕಾಳಿಗೆ ಬೀಜ. ನಮ್ಮಪ್ಪನಾಗಿದ್ದರೆ, "ಆ ಪಾತ್ರಿ ತುಂಡು ತುಂಡು ಮಾಡಿ ಒಯ್ದು ಅಲ್ಲೇ ಬೆಸದರ ಆಗತಿರಲಿಲ್ಲೇನು?" ಎಂದು ಕೇಳುತ್ತಿದ್ದ. ನಾನೂ ಅದನ್ನೇ ಕೇಳಿದೆ. ಅಳಿಯನಿಗೆ ಯಾರೋ ಎಂಜಿನಿಯರ್ ದಾರಿಯಲ್ಲಿ ಹೇಳಿಕೊಟ್ಟಿದ್ದನಂತೆ, ಅವನು ನನಗೆ ಹೇಳಿದ, ನಾನು ನಂತರ ಓದಿ ತಾಳೆ ನೋಡಿದೆ. ಹುಡುಗ ಹೇಳಿದ್ದು ಸರಿಯಿತ್ತು.

ನೆಲದಿಂದ ತೆಗೆದ ಎಣ್ಣೆಯಲ್ಲಿ ಗಂಧಕ ಇರುತ್ತದೆ. ಅದನ್ನು ತೆಗೆಯದೆ ಡೀಸೆಲ್ ಸುಟ್ಟರೆ ಹೊಗೆಯ ಜೊತೆ ವಿಷ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಡೀಸೆಲ್‌ನಲ್ಲಿ ಹತ್ತು ಲಕ್ಷ ಪಾಲಿಗೆ 10 ಪಾಲಿಗಿಂತ ಹೆಚ್ಚು ಗಂಧಕ ಇರಬಾರದು. ಅದಕ್ಕೆ ಮುಂಚೆ 50 ಇತ್ತು. ಪಂಪಿನಲ್ಲಿ ಬಿಎಸ್-6 ಎಂದು ಬರೆದಿರುವುದರ ಅರ್ಥ ಅದೇ. ಗಂಧಕ ಬಿಡಿಸಲು ಎಣ್ಣೆಗೆ ಜಲಜನಕ ಸೇರಿಸಿ ಭಾರೀ ಒತ್ತಡ, ಭಾರೀ ಶಾಖದಲ್ಲಿ ಕಾಯಿಸಬೇಕು. ಆ ಒತ್ತಡ ತಡೆಯುವ ಪಾತ್ರೆಯ ಗೋಡೆ ಒಂದು ಗೇಣಿನಷ್ಟು ದಪ್ಪದ ಉಕ್ಕು. ಬೆಸುಗೆ ಹಾಕಿ, ಇಡೀ ಪಾತ್ರೆಯನ್ನು ಕುಲುಮೆಯಲ್ಲಿ ಹದವಾಗಿ ಕಾಯಿಸಿ ಆರಿಸಿ, ಕೂದಲೆಳೆಯ ಬಿರುಕಿಲ್ಲ ಎಂದು ಪರೀಕ್ಷಿಸಿ ಕಳಿಸುತ್ತಾರೆ. ಸೂರತ್ತಿನ ಹಜೀರಾದಲ್ಲಿ ಸಮುದ್ರಕ್ಕೆ ಅಂಟಿಕೊಂಡೇ ಅಂಥ ಕಾರ್ಖಾನೆ ಇದೆ. ಆ ಕೆಲಸವನ್ನು ಮರಳುಗಾಡಿನಲ್ಲಿ ಡೇರೆ ಹಾಕಿಕೊಂಡು ಮಾಡಲಾಗದು. ಕುಂಬಾರ ಕೂಡ ಮಡಕೆಯನ್ನು ಆವಿಗೆಯಲ್ಲಿ ಸುಟ್ಟೇ ಸಂತೆಗೆ ತರುತ್ತಾನೆ. ಹಸೀ ಚೂರು ತಂದು ನಿಮ್ಮ ಮನೆಯ ಒಲೆಯ ಮುಂದೆ ಕೂಡಿಸುವುದಿಲ್ಲ. ಆದ್ದರಿಂದ ನಮ್ಮೂರ ಟ್ರ್ಯಾಕ್ಟರ್ ಹೊಗೆ ಸ್ವಲ್ಪ ಕಡಿಮೆ ಉಗುಳಬೇಕಾದರೆ, ಎಲ್ಲೋ ಒಂದು ಹೆದ್ದಾರಿಯಲ್ಲಿ ಯಾರದೋ ಬಸ್ಸು ನಿಲ್ಲಬೇಕು.

ಜಾಣರಾದವರು ಕಾರ್ಖಾನೆಯನ್ನೇ ಬಂದರಿನ ಮಗ್ಗುಲಿಗೆ ಕಟ್ಟುತ್ತಾರೆ. ಮಂಗಳೂರಿನಲ್ಲಿ 1988ರಲ್ಲಿ ಸ್ಥಾಪನೆಯಾದ ಎಂಆರ್‌ಪಿಎಲ್ ಹಾಗೆ. ಪಣಂಬೂರಿನ ಬಂದರಿನಿಂದ ಕುತ್ತೆತ್ತೂರಿನ ಕಾರ್ಖಾನೆಗೆ ಏನೇ ತರಲಿ, ತೊಟ್ಟಿಲಿನಿಂದ ಮಂಚಕ್ಕೆ ವರ್ಗಾಯಿಸಿದಷ್ಟೇ ದೂರ. ಅಲ್ಲಿಂದ ಘಟ್ಟದ ಮೇಲಕ್ಕೆ ಬರಬೇಕಾದಾಗ ಶಿರಾಡಿಯ ತಿರುವುಗಳು. ಅರವತ್ತು ಮೀಟರಿನ ಸಾಮಾನು ತಿರುವಿನಲ್ಲಿ ಸಿಕ್ಕರೆ ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ನಮ್ಮ ಕಡೆಯ ಕೆಲವು ಮದುವೆ ಮಾತುಕತೆಗಳ ಹಾಗೆ.

ನಮ್ಮ ಹೆದ್ದಾರಿಗೆ ಘಟ್ಟದ ಕಾಟವಿಲ್ಲ, ಕನಿಷ್ಠ ನಮ್ಮ ತುಂಡಿನಲ್ಲಿ. ಇದರ ನಂಬರು ಈಗ 67, ಹಿಂದೆ 63 ಇತ್ತು. ಜನ ಮಾತ್ರ ಎರಡನ್ನೂ ಒಪ್ಪದೆ ಹುಬ್ಬಳ್ಳಿ ರೋಡು ಎಂದೇ ಕರೆಯುತ್ತಾರೆ. ಪಶ್ಚಿಮದ ತುದಿ ಗೋವೆಯ ಗಡಿಯ ಹತ್ತಿರದ ರಾಮನಗರ. ಪೂರ್ವದ ತುದಿ ನೆಲ್ಲೂರಿನಾಚೆಯ ಕೃಷ್ಣಪಟ್ಟಣ ಬಂದರು. ಅಂದರೆ ಬನ್ನಿಕೊಪ್ಪದಲ್ಲಿ ನಿಂತು ಮಿರ್ಚಿ-ಒಗ್ಗರಣಿ ತಿನ್ನುವವನ ಎಡಗೈಯ ದಿಕ್ಕಿಗೂ ಬಲಗೈಯ ದಿಕ್ಕಿಗೂ ಒಂದೊಂದು ಸಮುದ್ರವಿದೆ. ಸಮುದ್ರ ನೋಡದೆಯೇ ಎಂಬತ್ತು ದಾಟಿದವರು ನಮ್ಮೂರಲ್ಲಿ ಬಹಳ ಮಂದಿ. ಸಮುದ್ರದ ಸಾಮಾನು ಮಾತ್ರ ಅವರ ಮನೆಯ ಮುಂದೆಯೇ ಹಾದು ಹೋಗುತ್ತದೆ. ಉಡುಪಿ ಸೀಮೆಯ ಪಡುಬಿದ್ರಿಯಲ್ಲೂ ರೆಕ್ಕೆ ಮಾಡುವ ಕಾರ್ಖಾನೆ ಇದೆಯಲ್ಲ. ಕಡಲ ತೀರದಲ್ಲಿ ಹುಟ್ಟಿ ಎರೆಹೊಲಕ್ಕೆ ಸೊಸೆಯಾಗಿ ಬರುವ ರೆಕ್ಕೆಗಳು ಎಂದು ನಾನು ಹೇಳಿದರೆ ನನ್ನ ಹೆಂಡತಿ, "ಸೊಸಿ ಬಂದರ ದಾರಿ ತಾನಾಗಿ ಬಿಡತಾರ, ಮರ ಕಡಿಯೋದಿಲ್ಲ," ಎಂದು ಬಾಯಿ ಮುಚ್ಚಿಸಿದಳು.

ಇಷ್ಟಕ್ಕೂ ಇಟಗಿಯವರಿಗೆ ಓಡಿಸಿ ಹೊಸದೇನಲ್ಲ. ನಮ್ಮೂರಿನ ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಇದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ನಮ್ಮೂರವರು ಯಾವ ಪರಊರಿನವರನ್ನು ಕಂಡರೂ ಮೊದಲ ಹತ್ತು ನಿಮಿಷದೊಳಗೆ ಈ ಬಿರುದನ್ನು ಹೇಳಿಬಿಡುತ್ತೇವೆ. ನಾನು ಇಷ್ಟು ತಡ ಮಾಡಿದ್ದೇ ಹೆಚ್ಚು. ತೆರೆದ ಮಂಟಪದ ಕಂಬಗಳು ಮೊದಲು 68 ಇದ್ದವು. ಅವುಗಳಲ್ಲಿ 26 ನೆಲಕ್ಕೆ ಕಾಲೂರಿ ಚಾವಣಿಯ ಭಾರ ಹೊತ್ತರೆ, ಉಳಿದವು ಸುತ್ತಲಿನ ಕಕ್ಷಾಸನದ ಗೋಡೆಯ ಮೇಲೆ ಕುಳಿತವು. ಮನೆಯಲ್ಲೂ ಹಾಗೆಯೇ, ನಿಂತು ಹೊರುವವರು ಸ್ವಲ್ಪ, ಕುಳಿತವರು ಜಾಸ್ತಿ. ಬಳಪದ ಕಲ್ಲಿನ ಈ ಕಂಬಗಳನ್ನು ಬುಗುರಿಯ ಹಾಗೆ ತಿರುಗಿಸಿ ಕಡೆದಿದ್ದಾರೆ. ಬೆಳಿಗ್ಗೆ ಹೋಗಿ ಒಂದು ಕಂಬದ ಮುಂದೆ ನಿಂತು ನೋಡಿ: ಉಂಗುರದ ಮೇಲೆ ಉಂಗುರ, ನಡುವೆ ಚೂರಿಯ ಬಾಯಿಯಷ್ಟು ತೆಳುವಾದ ಅಂಚು, ಅಂಚಿನ ಮೇಲೆ ಬೆರಳಾಡಿಸಿದರೆ ತಣ್ಣಗೆ ಬೆಣ್ಣೆ ಸವರಿದ ಹಾಗೆ. ಕಲ್ಲು ನಮ್ಮೂರಿನ ಎರೆಮಣ್ಣಿನಲ್ಲಿ ಬೆಳೆದದ್ದಲ್ಲ. ಎರೆಮಣ್ಣಿನ ಮೇಲೆಯೇ ಬಂದದ್ದು. ಮಳೆ ಬಿದ್ದ ಎರೆಯಲ್ಲಿ ಬರಿಗಾಲಿನಲ್ಲಿ ನಡೆದರೆ ಎರಡು ಕಾಲಿಗೆ ಎರಡು ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ. ಅಂಥದ್ದರಲ್ಲಿ ಕಂಬ ಹೊತ್ತ ಬಂಡಿ! ಎತ್ತುಗಳ ಬಾಯಿಂದ ಎಷ್ಟು ನೊರೆ ಬಂದಿರಬೇಕು, ಬಂಡಿಯವನ ಬಾಯಿಂದ ಎಂಥ ಮಾತು ಬಂದಿರಬೇಕು. ದಂಡನಾಯಕನ ಹೆಸರು ಕಲ್ಲಿನ ಮೇಲಿದೆ. ಬಂಡಿಯವನ ಮಾತು ಮಾತ್ರ ನಮ್ಮೂರಿನ ಬಾಯಲ್ಲಿ ಇಂದಿಗೂ ಉಳಿದಿದೆ ಎಂದು ನನ್ನ ಗುಮಾನಿ. ಟ್ರ್ಯಾಕ್ಟರ್ ಹೂತಾಗಲೆಲ್ಲ ಕೇಳಿಸುತ್ತದೆ.

ಇನ್ನು ತೇರು. ಕೊಪ್ಪಳದ ಗವಿಮಠದ ಜಾತ್ರೆಯ ತೇರು ನೋಡಿದವರಿಗೆ ಓಡಿಸಿಯ ಒಂದೊಂದು ಅಂಗವೂ ಪರಿಚಿತ. ತೇರು ದಾರಿಗಿಂತ ಎತ್ತರ. ಹೊರಡುವ ಮುಂಚೆ ಕರೆಂಟು ತೆಗೆಯುತ್ತಾರೆ. ಎಳೆಯಲು ಮುಂದೆ ಹಗ್ಗ ಹಿಡಿದ ಜನ; ಅಳಿಯನ ಭಾಷೆಯಲ್ಲಿ ಪುಲ್ಲರು. ಗಾಲಿಗೆ ಕಟ್ಟಿಗೆ ಕೊಟ್ಟು ದಿಕ್ಕು ತಿರುಗಿಸುವವರು ಹಿಂದೆ ಕುಳಿತ ಆ ಎರಡನೆಯ ಡ್ರೈವರ್. ಅವರಿಗೆ ಮುಂದಿನವರ ಮೇಲೆ ನಂಬಿಕೆಯಿಲ್ಲ, ಮುಂದಿನವರಿಗೆ ಅವರ ಕೂಗು ಕೇಳುವುದಿಲ್ಲ. ವ್ಯತ್ಯಾಸ ಒಂದೇ: ತೇರಿಗೆ ನಾವು ಉತ್ತತ್ತಿ ಎಸೆಯುತ್ತೇವೆ, ಟ್ರೇಲರಿಗೆ ಬೈಗುಳ. ತೇರಿಗಾಗಿ ನಾಲ್ಕು ತಾಸು ಬಿಸಿಲಿನಲ್ಲಿ ನಿಂತು ಕೈ ಮುಗಿದವನೇ ಫ್ಯಾನಿಗಾಗಿ ಅರ್ಧ ತಾಸು ನಿಂತರೆ ಬಿಪಿ ಏರಿಸಿಕೊಳ್ಳುತ್ತಾನೆ.

ನೂರಾರು ಗಾಲಿಗಳ ಟ್ರೇಲರಿನ ಗುಟ್ಟೂ ದೇವರ ಕಾರ್ಯದಲ್ಲೇ ಇದೆ. ಪಲ್ಲಕ್ಕಿ ಹೊರುವವರಲ್ಲಿ ಒಬ್ಬ ಉದ್ದ, ಒಬ್ಬ ಗಿಡ್ಡ ಇದ್ದರೆ ಭಾರವೆಲ್ಲ ಉದ್ದನೆಯವನ ಹೆಗಲಿಗೇ ಬೀಳುತ್ತದೆ. ಗಿಡ್ಡನೆಯವನು ಕೈಯಾಡಿಸಿಕೊಂಡು ಪುಣ್ಯ ಮಾತ್ರ ಪಡೆಯುತ್ತಾನೆ. ರಸ್ತೆ ಉಬ್ಬು-ತಗ್ಗಾದಾಗ ಗಾಲಿಗಳ ಗತಿಯೂ ಅದೇ. ಅದಕ್ಕೇ ಪ್ರತಿ ಅಚ್ಚಿನ ಮೇಲೂ ಎಣ್ಣೆ ತುಂಬಿದ ಹೈಡ್ರಾಲಿಕ್ ಕೊಳವೆ ಇಟ್ಟು ಒಂದಕ್ಕೊಂದು ಜೋಡಿಸುತ್ತಾರೆ. ಉಬ್ಬಿಗೆ ಬಂದ ಗಾಲಿ ಮಡಚಿಕೊಳ್ಳುತ್ತದೆ, ತಗ್ಗಿನದು ಚಾಚಿಕೊಳ್ಳುತ್ತದೆ, ಎಲ್ಲರ ಹೆಗಲಿಗೂ ಸಮಪಾಲು. ಗಿಡ್ಡನೆಯವನು ತಪ್ಪಿಸಿಕೊಳ್ಳಲಾಗದ ಪಲ್ಲಕ್ಕಿ.

ಬೇರೆ ಸೀಮೆಯ ಓಡಿಸಿಗಳ ಕತೆಯನ್ನೂ ಕೇಳಿದ್ದೇನೆ. ಬೆಂಗಳೂರಿನ ಈಜಿಪುರಕ್ಕೆ ಕೋದಂಡರಾಮನ ವಿಗ್ರಹ ಮಾಡಲು ತಮಿಳುನಾಡಿನಿಂದ 240 ಗಾಲಿಯ ಲಾರಿಯಲ್ಲಿ ಬಂದ ಬಂಡೆ 2018ರ ಕೊನೆಗೆ ಹೊರಟು, ದಾರಿಯುದ್ದಕ್ಕೂ ಟೈರು ಸಿಡಿಸಿಕೊಂಡು, ಹೊಸೂರಿನ ಹತ್ತಿರ ಹೊಳೆಗೆ ಮಣ್ಣಿನ ದಾರಿ ಹಾಕಿಸಿಕೊಂಡು, 2019ರ ಜೂನ್ ಹೊತ್ತಿಗೆ ಊರು ಮುಟ್ಟಿತು. ಮಹಾರಾಷ್ಟ್ರದಿಂದ ತಿರುವನಂತಪುರದ ಬಾಹ್ಯಾಕಾಶ ಕೇಂದ್ರಕ್ಕೆ ಹೊರಟ 70 ಟನ್ನಿನ ಯಂತ್ರ 2019ರ ಜುಲೈಯಲ್ಲಿ ಬಿಟ್ಟದ್ದು 2020ರ ಜುಲೈಯಲ್ಲಿ ಮುಟ್ಟಿತು. ರಾಕೆಟ್ಟಿನವರ ಸಾಮಾನು ನೋಡಿ, ವೇಗ ಹೀಗೆ. ಗ್ರೀಕರ ವೀರನೊಬ್ಬ ಯುದ್ಧ ಮುಗಿಸಿ ಮನೆ ಸೇರಲು ಹತ್ತು ವರ್ಷ ತೆಗೆದುಕೊಂಡನಂತೆ. ಆ ಕಾವ್ಯದ ಹೆಸರೂ ಒಡಿಸ್ಸಿ ಎಂದು ತಿಳಿದಾಗ ಅಳಿಯ, "ಹಂಗಾರ ಅವನೂ ನಮ್ಮ ಲೈನಿನವನ," ಎಂದ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕೆಯ ಕತೆ. ಅಲ್ಲಿ ಐಡಾಹೋ ಸಂಸ್ಥಾನದಲ್ಲಿ ಲೂಯಿಸ್ಟನ್ ಎಂಬ ಊರಿದೆ. ಸಮುದ್ರ ಸುಮಾರು 750 ಕಿಲೋಮೀಟರ್ ಆಚೆ, ಆದರೂ ಅದು ಬಂದರು! ಕೊಲಂಬಿಯಾ ಮತ್ತು ಸ್ನೇಕ್ ನದಿಗಳಿಗೆ ಎಂಟು ಅಣೆಕಟ್ಟು ಕಟ್ಟಿ, ಪ್ರತಿಯೊಂದರಲ್ಲೂ ದೋಣಿ ಏರಿಸಿ ಇಳಿಸುವ ತೊಟ್ಟಿ ಮಾಡಿ, ನಾಡಿನ ಹೊಟ್ಟೆಯೊಳಕ್ಕೆ ಬಾರ್ಜು ತರುತ್ತಾರೆ. ಇದನ್ನು ಓದಿದ ದಿನ ಮುನಿರಾಬಾದಿನಲ್ಲೊಂದು ಬಂದರು, ಅಲ್ಲಿ ನಮ್ಮ ಶೇಂಗಾ ಹೇರಿದ ಹಡಗು ಎಂದು ಅರ್ಧ ತಾಸು ಕಲ್ಪಿಸಿಕೊಂಡು ಕೂತಿದ್ದೆ. ಆಮೇಲೆ ಬೇಸಿಗೆಯ ತುಂಗಭದ್ರೆ ನೆನಪಾಗಿ ಹಡಗು ಕೆಸರಿನಲ್ಲಿ ಹೂತಿತು.

ಕೆನಡಾದ ಆಲ್ಬರ್ಟಾದಲ್ಲಿ ಮರಳಿನಿಂದ ಎಣ್ಣೆ ಹಿಂಡುವ ಗಣಿಗಳಿಗೆ ಬೇಕಾದ ದೈತ್ಯ ಸಾಮಾನು ಆ ಲೂಯಿಸ್ಟನ್ನಿನಲ್ಲಿ ಇಳಿದು, ನದಿಯ ಅಂಚಿನ 12ನೇ ನಂಬರಿನ ಹೆದ್ದಾರಿ ಹಿಡಿದು, ಬೆಟ್ಟ ದಾಟಿ ಹೋಗತೊಡಗಿತು. ರಾತ್ರಿ ಮಾತ್ರ ಸಂಚಾರ. ಮೆಗಾಲೋಡ್ ಎಂದು ಅವರ ಬಾಯಲ್ಲಿ ಹೆಸರು. ಆ ದಾರಿ ನೆಜ್ ಪರ್ಸ್ ಎಂಬ ಮೂಲನಿವಾಸಿಗಳ ನೆಲದೊಳಗೆ ಹಾಯುತ್ತದೆ. 2013ರ ಆಗಸ್ಟಿನಲ್ಲಿ 78 ಮೀಟರ್ ಉದ್ದದ, 290 ಟನ್ನಿನ ಆಸುಪಾಸಿನ, ನೀರು ಆವಿ ಮಾಡುವ ಯಂತ್ರವೊಂದು ಬಂದಾಗ, ಆ ಜನ ನಡುರಾತ್ರಿ ರಸ್ತೆಯ ಮೇಲೆ ನಿಂತುಬಿಟ್ಟರು. ಅವರ ಮುಖಂಡರೇ ಮುಂದೆ ನಿಂತು ಬಂಧನಕ್ಕೊಳಗಾದರು. ಇದು ನಮ್ಮ ನದಿ, ನಮ್ಮ ಹಿರಿಯರ ದಾರಿ, ನಮ್ಮನ್ನು ಕೇಳಿದಿರೇನು ಎಂಬುದು ತಕರಾರು. ಕೊನೆಗೆ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಸಂಚಾರಕ್ಕೆ ತಡೆ ಕೊಟ್ಟಿತು. ತಡೆ ಕೊಟ್ಟ ನ್ಯಾಯಾಧೀಶರ ಹೆಸರು ವಿನ್‌ಮಿಲ್. ನಾನು ಕಟ್ಟಿದ್ದಲ್ಲ, ದಾಖಲೆಯಲ್ಲಿದೆ. ಎಣ್ಣೆಯ ಸಾಮಾನನ್ನು ತಡೆದದ್ದು ಹೆಸರಿನಲ್ಲಿ ಒಂದೇ ಅಕ್ಷರ ಕಡಿಮೆಯಾದ ವಿಂಡ್‌ಮಿಲ್, ಅಂದರೆ ಗಾಳಿಯಂತ್ರ!

ಈ ಕತೆಯನ್ನು ಚಹಾದಂಗಡಿಯಲ್ಲಿ ಹೇಳಿದಾಗ ಎಲ್ಲರೂ ಸುಮ್ಮನಾದರು. ಒಬ್ಬ ಮುದುಕ, "ಅವರು ಕೇಳಿದ್ದು ಖರೇ ಐತಿ. ನಮ್ಮನ್ನ ಯಾರ ಕೇಳ್ಯಾರ?" ಎಂದ. ಅವನ ಹೊಲದ ಬದುವಿನ ಮೇಲೆ ರೆಕ್ಕೆ ಒಯ್ಯಲು ಅಗಲವಾದ ದಾರಿಯಾಗಿತ್ತು. ದುಡ್ಡು ಬಂದಿತ್ತು, ಖರ್ಚೂ ಆಗಿತ್ತು. ದಾರಿ ಮಾತ್ರ ಉಳಿದಿತ್ತು. "ದಾರಿ ಛಲೋ ಆಗೇತಿ ಬಿಡ್ರಿ," ಎಂದು ಅವನೇ ಸೇರಿಸಿದ, "ಆದ್ರ ಅದರ ಮ್ಯಾಲ ಶೇಂಗಾ ಬೆಳಿಯೂದಿಲ್ಲ." ನಾನು ಯಾವ ಕಡೆಗೂ ಮಾತಾಡಲಿಲ್ಲ. ಆ ಸಂಜೆ ಬಸ್ಸು ಬೇಗ ಬಿಡಲಿ ಎಂದು ಬೈದವರಲ್ಲಿ ನಾನೂ ಒಬ್ಬ. ಮರುದಿನ ಮೊಬೈಲು ಚಾರ್ಜಾಗದಿದ್ದಾಗ ಬೈದವನೂ ನಾನೇ.

ಜನ ಕೈ ಮುಗಿದು ಬರಮಾಡಿಕೊಂಡ ಓಡಿಸಿ ನಮ್ಮ ಸೀಮೆಯಲ್ಲಿ ಒಂದುಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಕೊಡಕ್ಕೆ ತೂತು. ನಾಲ್ಕೈದು ದಿನ ಗಂಗಾವತಿಯ ಭತ್ತದವರ ಮನೆಯಲ್ಲಿ ಅನ್ನ ಗಂಟಲಿಗೆ ಇಳಿಯಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನ ನಡುವೆಯೇ ಪಟ್ಟಿ ಪಟ್ಟಿಯಾಗಿ ಉಕ್ಕಿನ ತಡೆ ಇಳಿಸುವುದೆಂದು ತೀರ್ಮಾನವಾಯಿತು: ಒಂದೊಂದೂ 60 ಅಡಿ ಅಗಲ, 4 ಅಡಿ ಎತ್ತರ, ಅಂಥ ಐದು. ತೋರಣಗಲ್ಲಿನ ಜಿಂದಾಲಿನಲ್ಲೂ ಹೊಸಪೇಟೆ ಕಡೆಯ ಕಾರ್ಖಾನೆಗಳಲ್ಲೂ ಹಗಲಿರುಳು ಬೆಸೆದು, ಟ್ರೇಲರುಗಳ ಮೇಲೆ ಹೇರಿ ಅಣೆಕಟ್ಟಿಗೆ ತಂದರು. 60 ಅಡಿಯ ಪಟ್ಟಿ ಹೊತ್ತ ಆ ಗಾಡಿಗಳಿಗೆ ಯಾರೂ ಹಾರನ್ ಹೊಡೆಯಲಿಲ್ಲ. ನನ್ನ ಬೀಗರೊಬ್ಬರು ಆ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಚಪ್ಪಲಿ ಬಿಟ್ಟು ನಿಂತರಂತೆ. ತೇರು ಹೋಗುವಾಗ ನಿಲ್ಲುವ ಹಾಗೆ. 16ಕ್ಕೆ ಮೊದಲ ಪಟ್ಟಿ ಕುಳಿತಿತು, 17ಕ್ಕೆ ಉಳಿದವು. ಅವರು ಚಪ್ಪಲಿ ಹಾಕಿಕೊಳ್ಳುವುದನ್ನು ಮರೆತು ಮನೆಗೆ ಬಂದದ್ದನ್ನು ಅವರ ಹೆಂಡತಿ ಇಂದಿಗೂ ಹೇಳುತ್ತಾರೆ, ಹೊಸ ಚಪ್ಪಲಿಯಂತೆ.

ಆ ಸಂಜೆಗೆ ವಾಪಸ್ಸು ಬರಬೇಕು. ಬಸ್ಸನ್ನು ಅಲ್ಲೇ ನಿಲ್ಲಿಸಿ ಬಹಳ ದೂರ ಬಂದೆ.

ರೆಕ್ಕೆಯ ಬುಡ ತಿರುಗಿತ್ತು, ತುದಿ ತಿರುಗಿರಲಿಲ್ಲ. ತಗಡಿನ ಚಪ್ಪರ ಅಡ್ಡ ಬರುತ್ತದೆ ಎಂದು ವಾಕಿಟಾಕಿಯ ಹುಡುಗ ಹಿಂದಿಯಲ್ಲಿ ಹೇಳಿದ. ಚಹಾದಂಗಡಿಯವನು, "ಇದು ನಮ್ಮಪ್ಪನ ಕಾಲದ್ದು," ಎಂದು ಕನ್ನಡದಲ್ಲಿ ಹೇಳಿದ. ಅವನಪ್ಪ ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದ, "ಹೋದ ದೀಪಾವಳಿಗೆ ಹಾಕಿದ್ದಲ್ಲೇನಲೇ?" ಎಂದು ಕೇಳಿಬಿಟ್ಟ. ಜನ ನಕ್ಕರು. ಅಲ್ಲಿಂದ ಮಾತುಕತೆ ಸುಲಭವಾಯಿತು. ಬಸ್ಸಿನ ಪ್ರಯಾಣಿಕರಲ್ಲೇ ನಾಲ್ಕು ಮಂದಿ ಸೇರಿ ಚಪ್ಪರದ ಮೊಳೆ ಕಿತ್ತು, ಕಂಬ ಎತ್ತಿ, ತಗಡನ್ನು ಗೋಡೆಗೆ ಒರಗಿಸಿದರು. ನನ್ನ ಪಾಲಿಗೆ ಬಂದ ಕೆಲಸ ಒಂದು ಸಕ್ಕರೆ ಡಬ್ಬಿ ಹಿಡಿದುಕೊಂಡು ನಿಲ್ಲುವುದು. ಒಬ್ಬಾಕೆ ಮುದುಕಿ ರೆಕ್ಕೆಯ ಹತ್ತಿರ ಹೋಗಿ, ಅಂಗೈಯಿಂದ ಒಮ್ಮೆ ಸವರಿ, "ಯಪ್ಪಾ, ನುಣ್ಣಗ ಐತಿ," ಎಂದಳು. ನಮ್ಮ ಗುಡಿಯ ಕಂಬ ಸವರಿದವರು ಹೇಳುವ ಮಾತೇ ಅದು. ಹಿಂದಿನ ಡ್ರೈವರ್ ಗಾಲಿ ತಿರುಗಿಸಿದ. ರೆಕ್ಕೆಯ ತುದಿ ಬೇವಿನ ಮರದ ಒಂದು ಟೊಂಗೆಯನ್ನಷ್ಟೇ ತಟ್ಟಿ, ನಾಲ್ಕು ಎಲೆ ಉದುರಿಸಿ, ನಿಧಾನವಾಗಿ ಕತ್ತಲೆಯೊಳಕ್ಕೆ ಸರಿಯಿತು. ಕೆಂಪು ದೀಪ ಬಹಳ ಹೊತ್ತು ಕಾಣುತ್ತಿತ್ತು.

ಬಸ್ಸು ಹತ್ತಿದ ಮೇಲೆ ನೋಡಿಕೊಂಡರೆ ಸಕ್ಕರೆ ಡಬ್ಬಿ ನನ್ನ ಕೈಯಲ್ಲೇ ಇತ್ತು. ಮೂರು ದಿನ ಬಿಟ್ಟು ಕೊಡಲು ಹೋದೆ. ಚಪ್ಪರ ಮತ್ತೆ ಎದ್ದಿತ್ತು. ಈ ಸಲ ರಸ್ತೆಯ ಕಡೆಗೆ ಒಂದು ಮೊಳ ಹೆಚ್ಚು ಚಾಚಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಅವನು ಚಹಾ ಸೋಸುತ್ತಲೇ ಹೇಳಿದ: "ಹೆಂಗೂ ಮುಂದಿನ ಫ್ಯಾನ್ ಬಂದಾಗ ತಗೀಬೇಕಲ್ರಿ. ಅಲ್ಲೀತನಕ ನೆರಳಾರ ಇರಲಿ."